ಸೋಷಿಯಲ್ ಕಾಗ್ನಿಷನ್, ಎಫ್‌ಎಂಆರ್‌ಐ ಪೋಸ್ಟ್‌ಡಾಕ್: ಬೆಂಗಳೂರಲ್ಲೇ ಇರಲಾ, ಹೊರಗೆ ಹೋಗಲಾ?

ತುಮಕೂರು_ಪ್ಯಾಸೆಂಜರ್
ಭಾನುವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಥೀಸಿಸ್ ಸಬ್ಮಿಟ್ ಆಗಿ ಆರು ವಾರ ಆಯ್ತು, ವೈವಾಗೆ ಕಾಯ್ತಾ ಇದೀನಿ. ಕೆಲಸ ಮಾಡಿದ್ದು ಇಇಜಿಯಲ್ಲಿ, ಅಂದ್ರೆ ತಲೆ ಮೇಲೆ ಎಲೆಕ್ಟ್ರೋಡ್ ಇಟ್ಟು ಮಿದುಳಿನ ವಿದ್ಯುತ್ ಸಿಗ್ನಲ್ ಅಳೆಯೋದು. ಎದುರಿಗಿರೋರ ಮುಖ ನೋಡಿ ಕೋಪ, ಹೆದರಿಕೆ, ಬೇಸರ ಗುರುತಿಸುವಾಗ ಮಿದುಳಿನ ಸಿಗ್ನಲ್ ಎಷ್ಟು ಬೇಗ ಬದಲಾಗುತ್ತೆ ಅನ್ನೋದು ವಿಷಯ. ಸೋಷಿಯಲ್ ಕಾಗ್ನಿಷನ್ ಅಂತಾರಲ್ಲ, ಬೇರೆಯವರ ಮನಸ್ಸು ಅರ್ಥ ಮಾಡಿಕೊಳ್ಳೋದು, ಅದರ ಭಾಗ ಇದು. ಇಇಜಿ 'ಯಾವಾಗ' ಅನ್ನೋದನ್ನ ಮಿಲಿಸೆಕೆಂಡ್ ಲೆಕ್ಕದಲ್ಲಿ ಹೇಳುತ್ತೆ, 'ಎಲ್ಲಿ' ಅಂತ ಕೇಳಿದ್ರೆ ತಡವರಿಸುತ್ತೆ. ಐದು ವರ್ಷ ಆ 'ಎಲ್ಲಿ' ನನ್ನನ್ನ ಬಿಟ್ಟಿಲ್ಲ. ಅದಕ್ಕೇ ಮುಂದೆ ಎಫ್‌ಎಂಆರ್‌ಐ (ಮಿದುಳಿನಲ್ಲಿ ರಕ್ತದ ಹರಿವು ಎಲ್ಲಿ ಏರುತ್ತೆ ಅಂತ ತೋರಿಸೋ ಸ್ಕ್ಯಾನ್) ಕಲೀಬೇಕು ಅಂತ.

ಪೋಸ್ಟ್‌ಡಾಕ್‌ಗೆ, ಅಂದ್ರೆ ಪಿಎಚ್‌ಡಿ ಆದ ಮೇಲಿನ ಸಂಶೋಧನಾ ಕೆಲಸಕ್ಕೆ, ಕೈಯಲ್ಲಿ ಈಗ ಎರಡು ಅವಕಾಶ ಇದೆ. ಒಂದು ಯುರೋಪಿನ ಲ್ಯಾಬ್, ಎರಡು ವರ್ಷ. ಸಂಶೋಧನೆಗೇ ಮೀಸಲಾದ 3 ಟೆಸ್ಲಾ (ಟೆಸ್ಲಾ ಅಂದ್ರೆ ಕಾಂತಕ್ಷೇತ್ರದ ಅಳತೆ) ಸ್ಕ್ಯಾನರ್. ಪ್ರಾಜೆಕ್ಟ್ ಅವರದ್ದೇ: ಕಾಲೇಜು ವಿದ್ಯಾರ್ಥಿಗಳು ಅಪರಿಚಿತರನ್ನ ಎಷ್ಟರಮಟ್ಟಿಗೆ ನಂಬ್ತಾರೆ ಅನ್ನೋದು. ಇನ್ನೊಂದು ಇಲ್ಲೇ ಬೆಂಗಳೂರಲ್ಲಿ, ರಿಸರ್ಚ್ ಅಸೋಸಿಯೇಟ್ ಹುದ್ದೆ. ಸ್ಕಿಜೋಫ್ರೀನಿಯಾ ಅನ್ನೋ ಮಾನಸಿಕ ಕಾಯಿಲೆ ಇರೋರಿಗೆ ಬೇರೆಯವರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸೋದು ಯಾಕೆ ಕಷ್ಟ ಆಗುತ್ತೆ ಅನ್ನೋದರ ಮೇಲೆ. ಇಲ್ಲಿ ಸ್ಕ್ಯಾನರ್ ಆಸ್ಪತ್ರೆಯದು. ರೋಗಿಗಳ ಸರದಿ ಮುಗಿದ ಮೇಲೆ ಸಂಜೆ, ಇಲ್ಲಾ ಭಾನುವಾರ ನಮಗೆ ಸಿಗುತ್ತೆ.

ಗೈಡ್ "ಹೊರಗೆ ಹೋಗು, ಯೋಚನೆ ಮಾಡಬೇಡ" ಅಂತಾರೆ. ಅಪ್ಪ ರಿಟೈರ್ಡ್ ಮೇಷ್ಟ್ರು, "ಇನ್ನೂ ಓದೋದಿದೆಯಾ ಮಗಳೇ?" ಅಂತ ಕೇಳಿದ್ರು. ಅದು ಓದಲ್ಲ ಅಪ್ಪಾ, ಕೆಲಸ ಅಂದೆ. ಸುಮ್ಮನಾದ್ರು, ಒಪ್ಪಿದಂಗೆ ಕಾಣಲಿಲ್ಲ. ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಇನ್ನೂ ಮೂರು ತಿಂಗಳು.

ಉತ್ತರ ಕೊಡೋಕೆ 15 ದಿನ ಇದೆ. ಈ ದಾರೀಲಿ ಹೋಗಿ ಬಂದೋರು ದಯವಿಟ್ಟು ಹೇಳಿ.

ಯಶವಂತಪುರ_ಸರ್ಕಲ್
ಭಾನುವಾರ, ರಾತ್ರಿ 10:52

ಹೋಗಿ. ಎರಡು ವರ್ಷ ಕಣ್ಮುಚ್ಚಿ ಬಿಡೋಷ್ಟರಲ್ಲಿ ಕಳೆಯುತ್ತೆ.

ಕನ್ಸೋಲ್_ರೂಮ್
ಭಾನುವಾರ, ರಾತ್ರಿ 11:15

ಅಷ್ಟು ಸುಲಭವಾಗಿ ಹೋಗಿ ಅನ್ನಬೇಡಿ ಸರ್. ನಾನು ಏಳು ವರ್ಷದಿಂದ ಸ್ಕ್ಯಾನರ್ ಪಕ್ಕದ ಕೋಣೇಲಿ ಕೂತಿರೋನು. ಒಂದೇ ಒಂದು ಲೆಕ್ಕ ಹೇಳ್ತೀನಿ.

ಒಬ್ಬರಿಗೆ ಒಪ್ಪಿಗೆ ಪತ್ರ, ಬಟ್ಟೆ ಬದಲಾವಣೆ, ಅಭ್ಯಾಸ, ಸ್ಕ್ಯಾನ್ ಎಲ್ಲಾ ಸೇರಿ ಒಂದೂವರೆ ಗಂಟೆ ಇಟ್ಕೊಳ್ಳಿ. 40 ಜನ ಅಂದ್ರೆ 60 ಗಂಟೆ. ವಾರಕ್ಕೆ ನಾಲ್ಕು ಗಂಟೆ ಸಿಕ್ಕರೆ 15 ವಾರ. ಅದೂ ಒಬ್ಬರೂ ತಪ್ಪಿಸಿಕೊಳ್ಳದೆ, ಒಬ್ಬರೂ ತಲೆ ಅಲ್ಲಾಡಿಸದೆ, ಎಮರ್ಜೆನ್ಸಿ ಕೇಸ್ ಒಂದೂ ಬರದೆ ಇದ್ದರೆ. ಆಸ್ಪತ್ರೆ ಸ್ಕ್ಯಾನರಿನಲ್ಲಿ ಇದು ಏಳೆಂಟು ತಿಂಗಳಿಗೆ ಎಳೆಯುತ್ತೆ. ಸ್ಟ್ರೋಕ್ ಆದೋರು ಬಂದರೆ ನಮ್ಮ ಸ್ಲಾಟ್ ಬಿಟ್ಟುಕೊಡಲೇಬೇಕು, ಅದರಲ್ಲಿ ಮಾತೇ ಇಲ್ಲ.

ಹಾಗಾಗಿ ಎರಡೂ ಕಡೆ ಒಂದೇ ಪ್ರಶ್ನೆ ಕೇಳಿ: ನನ್ನ ಹೆಸರಲ್ಲಿ ವಾರಕ್ಕೆ ಎಷ್ಟು ಗಂಟೆ ಸ್ಕ್ಯಾನ್ ಸಮಯ ಬರೆದು ಕೊಡ್ತೀರಿ? ಬಾಯಿಮಾತು ಬೇಡ. ಮೇಲ್‌ನಲ್ಲಿ ಬರಲಿ.

ದೂರದ_ಕನ್ನಡಿಗ
ಸೋಮವಾರ, ಬೆಳಗ್ಗೆ 1:20

ಜರ್ಮನಿಯಲ್ಲಿ ಮೂರನೇ ವರ್ಷ ನನಗೆ. ಕಲಿಕೆ ವಿಷಯದಲ್ಲಿ ಎರಡನೇ ಮಾತಿಲ್ಲ. ಸ್ಕ್ಯಾನರಿನ ಭೌತವಿಜ್ಞಾನ ಬಲ್ಲ ಎಂಆರ್ ಫಿಸಿಸಿಸ್ಟ್ ಪಕ್ಕದ ಕೋಣೇಲಿ ಇರ್ತಾರೆ, ಸಿಗ್ನಲ್ ಕೆಟ್ಟಿದೆ ಅಂದ್ರೆ ಎದ್ದು ಬಂದು ನೋಡ್ತಾರೆ. ವಾರಕ್ಕೊಂದು ಸಲ ಎಲ್ಲರೂ ಕೂತು ಒಬ್ಬರ ಕೋಡನ್ನ ಸಾಲುಸಾಲಾಗಿ ಓದ್ತೀವಿ. ಮೊದಲ ಸಲ ನನ್ನ ಕೋಡಿನಲ್ಲಿ ಎಡ-ಬಲ ತಿರುಗಿಹೋಗಿದ್ದನ್ನ ಅಲ್ಲೇ ಹಿಡಿದರು. ಇಲ್ಲದಿದ್ದರೆ ಅದೇ ತಪ್ಪು ಪೇಪರಿಗೆ ಹೋಗಿರೋದು.

ಒಂದು ಮಾತು. ಲ್ಯಾಬಿನ ದುಡ್ಡಿನಲ್ಲಿ ಹೋದರೆ ಅವರ ಪ್ರಾಜೆಕ್ಟ್. ನಿಮ್ಮದೇ ಪ್ರಶ್ನೆ ಇಟ್ಕೊಂಡು ಹೋಗ್ಬೇಕು ಅಂದ್ರೆ ಫೆಲೋಶಿಪ್ ತಗೊಂಡೇ ಹೋಗಿ. ಜರ್ಮನಿಯ ಹುಂಬೋಲ್ಟ್ ಇದೆ, ಪಿಎಚ್‌ಡಿ ಆಗಿ ನಾಲ್ಕು ವರ್ಷದೊಳಗಿನವರಿಗೆ, 6ರಿಂದ 24 ತಿಂಗಳು. ಯುರೋಪಿಯನ್ ಯೂನಿಯನ್ನಿನ ಮೇರಿ ಕ್ಯೂರಿ ಪೋಸ್ಟ್‌ಡಾಕ್ ಇದೆ, ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್‌ಗೆ ಮುಗಿಯುತ್ತೆ, ಅಲ್ಲಿನ ಮೇಲ್ವಿಚಾರಕರ ಜೊತೆ ಸೇರಿ ಬರೀಬೇಕು. ಹುಷಾರು: ಹೋಗೋ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿದ್ದರೆ ಆ ದೇಶಕ್ಕೆ ಮೇರಿ ಕ್ಯೂರಿ ಸಿಗಲ್ಲ. ಮೊದಲು ಕೆಲಸಕ್ಕೆ ಸೇರಿ ಆಮೇಲೆ ಅರ್ಜಿ ಹಾಕೋಣ ಅಂದ್ಕೊಂಡ ಗೆಳೆಯನೊಬ್ಬ ಇದರಲ್ಲೇ ಸಿಕ್ಕಿಹಾಕಿಕೊಂಡ.

ಅಂಕಿಅಂಶ
ಸೋಮವಾರ, ಬೆಳಗ್ಗೆ 8:05

ಎಲ್ಲಿಗೆ ಹೋಗ್ಬೇಕು ಅನ್ನೋ ಮೊದಲು, ಏನು ಕಲಿಯೋಕೆ ಹೋಗ್ತಾ ಇದೀರಿ ಅಂತ ನೋಡಿ. 2009ರಲ್ಲಿ ಸತ್ತ ಸಾಲ್ಮನ್ ಮೀನನ್ನ ಸ್ಕ್ಯಾನರಿನಲ್ಲಿಟ್ಟು ಮನುಷ್ಯರ ಫೋಟೋ ತೋರಿಸಿದರು. ಫೋಟೋದಲ್ಲಿರೋರಿಗೆ ಏನನ್ನಿಸ್ತಿದೆ ಅನ್ನೋದೇ ಪ್ರಶ್ನೆ. ಅಂದ್ರೆ ನಿಮ್ಮದೇ ವಿಷಯ! ಮಿದುಳಿನ ಸಾವಿರಾರು ಕಡೆ ಒಂದೇ ಸಲ ಪರೀಕ್ಷೆ ಮಾಡುವಾಗ, ಕಾಕತಾಳೀಯವಾಗಿ ಬರೋ ಫಲಿತಾಂಶ ತೆಗೆಯೋಕೆ ಮಾಡಬೇಕಾದ ತಿದ್ದುಪಡಿ ಬಿಟ್ಟರೆ, ಸತ್ತ ಮೀನಿನ ಮಿದುಳೂ 'ಬೆಳಗುತ್ತೆ' ಅಂತ ತೋರಿಸಿದರು. 2016ರಲ್ಲಿ ಇನ್ನೊಂದು ಪೆಟ್ಟು. ಎಲ್ಲರೂ ಬಳಸೋ ಸಾಫ್ಟ್‌ವೇರ್‌ಗಳ ಒಂದು ವಿಧಾನದಲ್ಲಿ ಶೇ 5 ಇರಬೇಕಾದ ಸುಳ್ಳು ಫಲಿತಾಂಶ ಕೆಲವು ಸಂದರ್ಭದಲ್ಲಿ ಶೇ 70ರವರೆಗೂ ಏರಿತ್ತು. 2020ರಲ್ಲಿ ಒಂದೇ ಡೇಟಾವನ್ನ 70 ತಂಡಗಳಿಗೆ ಕೊಟ್ಟರು, ತೀರ್ಮಾನಗಳು ಬೇರೆ ಬೇರೆ ಬಂದವು.

ಇದನ್ನೆಲ್ಲ ಎದುರಿಗಿಟ್ಟುಕೊಂಡು ಕೆಲಸ ಮಾಡೋ ಲ್ಯಾಬ್ ಎಲ್ಲಿದ್ದರೂ ಸರಿ, ಬೆಂಗಳೂರಾಗಲಿ ಬರ್ಲಿನ್ ಆಗಲಿ. 18 ಜನರನ್ನ ಸ್ಕ್ಯಾನ್ ಮಾಡಿ 'ಕರುಣೆಯ ಜಾಗ ಸಿಕ್ಕಿತು' ಅನ್ನೋ ಲ್ಯಾಬಿಗೆ ಹೋಗಬೇಡಿ.

ಮಲ್ಲೇಶ್ವರಂ_8ನೇ_ಅಡ್ಡರಸ್ತೆ
ಸೋಮವಾರ, ಬೆಳಗ್ಗೆ 9:30

ಸರ್, ಪ್ರತಿ ಸಲ ಆ ಮೀನಿನ ಕಥೆ ಹೇಳಿ ಹುಡುಗರನ್ನ ಹೆದರಿಸ್ತೀರಿ. ಆ ತಿದ್ದುಪಡಿ ಇಲ್ಲದೆ ಈಗ ಯಾವ ಒಳ್ಳೆ ಪತ್ರಿಕೆ ತಗೊಳ್ಳುತ್ತೆ? ಗಟ್ಟಿಯಾಗಿ ನಿಂತಿರೋದೂ ಇದೆ. ಬೇರೆಯವರು ಏನು ನಂಬಿದ್ದಾರೆ ಅಂತ ಯೋಚಿಸುವಾಗ ಬಲಗಿವಿಯ ಹಿಂದೆ ಸ್ವಲ್ಪ ಮೇಲಿನ ಭಾಗ, ಟೆಂಪೊರೊ-ಪೆರೈಟಲ್ ಜಂಕ್ಷನ್, ಚುರುಕಾಗುತ್ತೆ ಅಂತ 2003ರಲ್ಲಿ ಬಂತು. ಅವತ್ತಿನಿಂದ ಎಷ್ಟು ಲ್ಯಾಬ್‌ಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಮೀನೊಂದನ್ನೇ ಹಿಡ್ಕೊಂಡು ಕೂರಬೇಡಿ.

ಅಂಕಿಅಂಶ
ಸೋಮವಾರ, ಬೆಳಗ್ಗೆ 9:41

ಆ ಜಾಗ ಚುರುಕಾಗುತ್ತೆ, ಒಪ್ತೀನಿ. ಆದರೆ ಗಮನ ಥಟ್ಟನೆ ಬೇರೆ ಕಡೆ ತಿರುಗಿದಾಗಲೂ ಅದೇ ಅಕ್ಕಪಕ್ಕ ಚುರುಕಾಗುತ್ತೆ. ಆ ಜಗಳ ಇನ್ನೂ ತೀರಿಲ್ಲ. ಅದೇ ಒಳ್ಳೆ ಪೋಸ್ಟ್‌ಡಾಕ್ ಪ್ರಶ್ನೆ ಅನ್ನೋದು ನನ್ನ ವಾದ.

ಧಾರವಾಡದಾಂವ
ಸೋಮವಾರ, ಬೆಳಗ್ಗೆ 10:10

ಎಲ್ಲಾ ಹೇಳಾಕತ್ತೀರಿ, ರೊಕ್ಕದ ಮಾತು ಯಾರೂ ತೆಗೀಲಿಲ್ಲಲ್ರಿ! ಹುಡುಗಿ ಮನೀಗೆ ಎಷ್ಟು ಕಳಸಬೇಕು, ಬಾಡಿಗಿ ಎಷ್ಟು ಕೊಡಬೇಕು? ಅದನ್ನ ಮೊದಲ ಹೇಳ್ರಿ.

ಗೊಟ್ಟಿಗೆರೆ_ಲೈನ್
ಸೋಮವಾರ, ಬೆಳಗ್ಗೆ 11:00

ಸರಿಯಾಗಿ ಕೇಳಿದ್ರಿ ಸರ್. ಕೇಂದ್ರ ಸರ್ಕಾರದ ಪ್ರಾಜೆಕ್ಟ್‌ಗಳಲ್ಲಿ ರಿಸರ್ಚ್ ಅಸೋಸಿಯೇಟ್ ದರ 2023ರಲ್ಲಿ ಏರಿದ್ದು: ಮೊದಲ ಹಂತ ತಿಂಗಳಿಗೆ 58,000 ರೂಪಾಯಿ, ಎರಡನೇದು 61,000, ಮೂರನೇದು 67,000, ಮನೆ ಬಾಡಿಗೆ ಭತ್ಯೆ ಬೇರೆ. ಆ ಭತ್ಯೆ ಪ್ರಾಜೆಕ್ಟ್ ಬಜೆಟ್‌ನಲ್ಲಿ ಬರೆದಿದಾರಾ ಅಂತ ಸೇರೋ ಮೊದಲೇ ಕೇಳಿ.

ಪ್ರಾಜೆಕ್ಟ್ ಹುದ್ದೆ ಬೇಡ, ಸ್ವಂತ ಫೆಲೋಶಿಪ್ ಬೇಕು ಅಂದ್ರೆ ನ್ಯಾಷನಲ್ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ನೋಡಿ. ಮೊದಲು ಸರ್ಬ್ (ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿ) ಕೊಡ್ತಿತ್ತು, 2023ರ ಕಾಯ್ದೆ ಆದ ಮೇಲೆ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್ ಕೈಗೆ ಹೋಗಿದೆ. ಎರಡು ವರ್ಷ, ವಯಸ್ಸಿನ ಮಿತಿ 35, ಮಹಿಳೆಯರಿಗೆ ಐದು ವರ್ಷ ಸಡಿಲಿಕೆ. ಜೀವವಿಜ್ಞಾನದ ಕಡೆಯವರಿಗೆ ಡಿಬಿಟಿ (ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ) ರಿಸರ್ಚ್ ಅಸೋಸಿಯೇಟ್‌ಶಿಪ್ ಇದೆ, ಅದನ್ನ ನೋಡಿಕೊಳ್ಳೋದೇ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ (ಐಐಎಸ್‌ಸಿ). ಅಲ್ಲಿನದೇ ಸಿ.ವಿ. ರಾಮನ್ ಪೋಸ್ಟ್‌ಡಾಕ್ ಕೂಡ ಇದೆ. 2008ರಲ್ಲಿ ಶುರುವಾದ ಕಾಗ್ನಿಟಿವ್ ಸೈನ್ಸ್ ರಿಸರ್ಚ್ ಇನಿಷಿಯೇಟಿವ್ ಅಂತೂ ನಿಮ್ಮ ವಿಷಯಕ್ಕೇ ಇರೋದು. ಯಾವುದಕ್ಕೇ ಆಗಲಿ, ನೀವು ಅರ್ಜಿ ಹಾಕೋ ವರ್ಷದ ಕರೆ ಓದ್ಕೊಂಡೇ ಹೆಜ್ಜೆ ಇಡಿ.

ಅಮೆರಿಕಕ್ಕೆ ಯೋಚಿಸೋರಿಗೆ: ಎನ್‌ಐಎಚ್‌ನ (ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ) ಎಫ್32 ಫೆಲೋಶಿಪ್ ಅಲ್ಲಿನ ನಾಗರಿಕರಿಗೆ, ಗ್ರೀನ್ ಕಾರ್ಡ್ ಇರೋರಿಗೆ ಮಾತ್ರ. ನಮ್ಮಂಥವರಿಗೆ ತೆರೆದಿರೋದು ಎನ್‌ಐಎಚ್‌ನದೇ ಕೆ99 ಅನುದಾನ. ಸುಮಾರು ಜನ ಇದು ಗೊತ್ತಿಲ್ಲದೆ ತಿಂಗಳುಗಟ್ಟಲೆ ಬರೆದು ಕೂರ್ತಾರೆ.

ಬಾಡಿಗೆದಾರ
ಸೋಮವಾರ, ಬೆಳಗ್ಗೆ 11:25

ದರ ಏರಿದೆ, ಕೈಗೆ ಬರೋದು ಯಾವಾಗ? ನಾನಿದ್ದ ಜಾಗದ ಹೆಸರು ಬೇಡ. ಏಳು ತಿಂಗಳು ಫೆಲೋಶಿಪ್ ಬರಲಿಲ್ಲ. ಓನರ್ ಒಳ್ಳೆಯವರು, ಕೇಳಲಿಲ್ಲ. ಆದರೆ ಮೆಟ್ಟಿಲ ಹತ್ತಿರ ಅವರು ಎದುರಾದ್ರೆ ನಾನೇ ತಲೆ ತಗ್ಗಿಸಿ ಹೋಗ್ತಿದ್ದೆ. ಕೈಯಲ್ಲಿ ಆರು ತಿಂಗಳ ಬಾಡಿಗೆ ಇಟ್ಕೊಳ್ಳದೆ ಸೇರಬೇಡಿ ತಂಗಿ. ಅಲ್ಲಿ ಈಗ ಇರೋ ವಿದ್ಯಾರ್ಥಿಗಳನ್ನ ಕ್ಯಾಂಟೀನ್‌ಗೆ ಕರೆದು ಒಂದು ಕಾಫಿ ಕುಡೀತಾ ಕೇಳಿ, ನಿಜ ಗೊತ್ತಾಗುತ್ತೆ.

ಶ್ರೀನಿವಾಸಪುರದ_ಮಾವು
ಸೋಮವಾರ, ಮಧ್ಯಾಹ್ನ 1:15

ನಾನು ಬೇರೆ ಕಡೆಯಿಂದ ಬರ್ತೀನಿ. ಈ ಕ್ಷೇತ್ರದ ಕಥೆಗಳೆಲ್ಲ ಯಾರ ಮೇಲೆ ಪರೀಕ್ಷೆ ಆಗಿವೆ? ಬಹುಪಾಲು ಅಮೆರಿಕ, ಯುರೋಪಿನ ಕಾಲೇಜು ಹುಡುಗರ ಮೇಲೆ.

ಬೇರೆಯವರಿಗೆ ಮುಜುಗರ ಆಗೋ ಮಾತು ಯಾವುದು ಅಂತ ಗುರುತಿಸೋ ಪರೀಕ್ಷೆಗೆ ನಾವೊಂದಿಷ್ಟು ಕಥೆ ಕನ್ನಡದಲ್ಲಿ ಬರೆದ್ವಿ. ಒಂದರಲ್ಲಿ, ಮದುವೆ ಮನೇಲಿ ಹೆಣ್ಣಿನ ಕಡೆಯವರೊಬ್ಬರು ಗಂಡಿನ ಚಿಕ್ಕಪ್ಪನನ್ನ ಬಡಿಸೋರು ಅಂತ ತಪ್ಪು ತಿಳಿದು "ಸ್ವಲ್ಪ ಸಾರು ತಗೊಂಡು ಬಾರಪ್ಪಾ" ಅಂತಾರೆ. ಬೆಂಗಳೂರಿನ ಹುಡುಗರು ತಕ್ಷಣ "ಅಯ್ಯೋ" ಅಂದ್ರು. ಕೋಲಾರದ ಕಡೆ ಹಳ್ಳಿಯ ಅಜ್ಜಿ ಕಥೆ ಪೂರ್ತಿ ಕೇಳಿ, "ಅದ್ರಾಗೆ ತಪ್ಪೇನೈತೆ? ಮದ್ವೆ ಮನೇಲಿ ಕೈ ಖಾಲಿ ಇರೋರು ಬಡಿಸಬೇಕು ತಾನೆ?" ಅಂದ್ರು. ನಮ್ಮ ಅಂಕಪಟ್ಟಿ ಪ್ರಕಾರ ಅಜ್ಜಿಗೆ ಸೊನ್ನೆ. ಆವತ್ತು ಸಂಜೆ ಜೀಪಿನಲ್ಲಿ ಯಾರೂ ಮಾತಾಡಲಿಲ್ಲ. ಆ ಸೊನ್ನೆ ಅಜ್ಜಿಯದಲ್ಲ, ನಾವು ಬರೆದ ಕಥೆಯದು.

ಇನ್ನೊಂದು ಕಥೇಲಿ ಬರೆದವರು ಅಂಗಡಿಯವನ ಬಾಯಲ್ಲಿ ಗಿರಾಕಿಗೆ "ನೀನು" ಹಾಕಿಬಿಟ್ಟಿದ್ದರು. ಕೇಳಿದೋರೆಲ್ಲ ಮುಖ್ಯ ಘಟನೆ ಬಿಟ್ಟು ಆ "ನೀನು"ನೇ ತಪ್ಪು ಅಂತ ಹಿಡಿದರು. ಇಂಗ್ಲಿಷಿನಲ್ಲಿ ಈ ಪ್ರಶ್ನೆಯೇ ಏಳಲ್ಲ.

ನಿಮ್ಹಾನ್ಸ್‌ನಲ್ಲಿ ಈ ಕೆಲಸ ಬಹಳ ಹಿಂದೇನೇ ಶುರುವಾಗಿದೆ. ನಮ್ಮ ಜನಕ್ಕೆ ಹೊಂದೋ ಹಾಗೆ ಸೋಕ್ರಾಟಿಸ್ ಅನ್ನೋ ಪರೀಕ್ಷೆಗಳ ಗುಂಪನ್ನ 2011ರಲ್ಲೇ ತಂದಿದಾರೆ. ಟಾಟಾ ಇನ್‌ಸ್ಟಿಟ್ಯೂಟ್ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು ನಮ್ಮ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ 10,000 ಜನರನ್ನ ವರ್ಷಗಟ್ಟಲೆ ಗಮನಿಸೋ ಗುರಿ ಇಟ್ಕೊಂಡು ಕೆಲಸ ಮಾಡ್ತಿದಾರೆ, ಅದರಲ್ಲಿ ಎಂಆರ್‌ಐ ಕೂಡ ಇದೆ. ಯುರೋಪಿನ ಲ್ಯಾಬಿಗೆ ಎಷ್ಟೇ ದೊಡ್ಡ ಮೆಷಿನ್ ಇದ್ದರೂ ಆ ಅಜ್ಜಿ ಸಿಗಲ್ಲ.

ಯಶವಂತಪುರ_ಸರ್ಕಲ್
ಸೋಮವಾರ, ಮಧ್ಯಾಹ್ನ 1:30

ಹೋಗಿ ಅಂದಿದ್ದೆ. ಈ ಅಜ್ಜಿ ವಿಷಯ ಕೇಳಿ ಈಗ ನನಗೇ ಗೊಂದಲ.

ಹೊಸೂರು_ರಸ್ತೆ_ಅಕ್ಕ
ಸೋಮವಾರ, ಮಧ್ಯಾಹ್ನ 2:50

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ, ಆದರೂ ಹೇಳ್ತೀನಿ. ಇಲ್ಲಿ ಸ್ಕ್ಯಾನ್ ಮಾಡೋದು ಅಂದ್ರೆ ಏನು ಅಂತ ಗೊತ್ತಾಗಲಿ.

ಕಂಟ್ರೋಲ್ ಗುಂಪಿಗೆ (ಹೋಲಿಕೆಗೆ ಕರೆಸೋ ಕಾಯಿಲೆ ಇಲ್ಲದವರು) ಒಬ್ಬರು ಅಮ್ಮ ಬಂದಿದ್ದರು, ಐವತ್ತೈದು ಇರಬಹುದು. ಬಳೆ, ಕಾಲುಂಗುರ, ಓಲೆ, ಹೇರ್‌ಪಿನ್ ಎಲ್ಲಾ ತೆಗೆಸಿ, ಸೀರೆ ಬದಲಿಗೆ ಗೌನ್ ಕೊಟ್ಟೆ. "ಮೈಮೇಲೆ ಇನ್ನೇನೂ ಲೋಹ ಇಲ್ಲ ತಾನೆ ಅಮ್ಮಾ?" ಅಂದೆ. "ಇಲ್ಲ ಮಗಳೇ" ಅಂದ್ರು. ಡಿಟೆಕ್ಟರ್ ಎದೆ ಹತ್ರ ಕೂಗಿಕೊಳ್ತು. ಗೌನ್ ಒಳಗೆ ತಾಳಿ ಸರ. ಅದಕ್ಕೆ ನಾಲ್ಕು ಸೇಫ್ಟಿ ಪಿನ್ ಸಿಗಿಸಿದ್ದಾರೆ! ಪಿನ್ ಉಕ್ಕಿನದು. 3 ಟೆಸ್ಲಾ ಅಂದ್ರೆ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು ಅರವತ್ತು ಸಾವಿರ ಪಟ್ಟು. ಆ ಪಿನ್ ಬುಲೆಟ್ ಥರ ಹಾರುತ್ತೆ.

ಪಿನ್ ತೆಗೆದರು. ತಾಳಿ ತೆಗೆಯೋಕೆ ಕೈ ಬರಲಿಲ್ಲ. ಯಜಮಾನರು ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ, ಅವರಿಗೆ ಹಾರ್ಟ್ ಆಪರೇಷನ್ ಆಗಿ ವರ್ಷ ಆಗಿಲ್ಲ. ಇಂಥ ಹೊತ್ತಲ್ಲಿ ತಾಳಿ ತೆಗಿ ಅಂತ ನಾನು ಹ್ಯಾಗೆ ಹೇಳಲಿ? ನಮ್ಮ ಆಯಾ ಎದ್ದು ಹೋಗಿ, ಎಲ್ಲಿಂದಲೋ ದಾರ ತಂದು, ಅರಿಶಿನ ಹಚ್ಚಿ, ಅರಿಶಿನದ ಕೊಂಬು ಕಟ್ಟಿ ಅವರ ಕೈಗೆ ಕೊಟ್ಟಳು. ಅಮ್ಮ ಅದನ್ನ ಕೊರಳಿಗೆ ಹಾಕ್ಕೊಂಡ ಮೇಲೆ ತಾಳಿ ಬಿಚ್ಚಿ ಯಜಮಾನರ ಕೈಗೇ ಕೊಟ್ಟು ಬಂದರು. 40 ನಿಮಿಷ ಕಲ್ಲಿನ ಹಾಗೆ ಅಲ್ಲಾಡದೆ ಮಲಗಿದ್ದರು, ಆ ತಿಂಗಳ ಅತಿ ಚೆನ್ನಾಗಿರೋ ಡೇಟಾ ಅದು. ಅವತ್ತಿನಿಂದ ನಮ್ಮ ಡ್ರಾಯರ್‌ನಲ್ಲಿ ಹಳದಿ ದಾರ, ಅರಿಶಿನದ ಕೊಂಬು ಯಾವಾಗಲೂ ಇರುತ್ತೆ.

ಕನ್ಸೋಲ್_ರೂಮ್
ಸೋಮವಾರ, ಮಧ್ಯಾಹ್ನ 3:02

ಅಕ್ಕಾ, ಕಾಡಿಗೆ ಬಗ್ಗೆಯೂ ಹೇಳಿ. ಕಣ್ಣಿಗೆ ಹಚ್ಚೋ ಕೆಲವು ಬಣ್ಣಗಳಲ್ಲಿ ಕಬ್ಬಿಣದ ಅಂಶ ಇರುತ್ತೆ, ಕಣ್ಣಿನ ಹತ್ತಿರದ ಚಿತ್ರ ಕೆಡುತ್ತೆ. ಜರಿ ಇರೋ ಬಟ್ಟೆಯೂ ಬೇಡವೇ ಬೇಡ, ಬಿಸಿಯಾಗುತ್ತೆ.

ಪದಪ್ರಿಯ
ಸೋಮವಾರ, ಸಂಜೆ 4:20

ಸೋಷಿಯಲ್ ಕಾಗ್ನಿಷನ್‌ಗೆ ಕನ್ನಡದಲ್ಲಿ ಏನಂತೀರಿ? 'ಸಾಮಾಜಿಕ ಸಂಜ್ಞಾನ' ಅಂತ ಬರೆಯೋದು ನೋಡಿದೀನಿ, ಓದೋಕೆ ಭಾರ.

ಶ್ರೀನಿವಾಸಪುರದ_ಮಾವು
ಸೋಮವಾರ, ಸಂಜೆ 4:26

ಹಳ್ಳೀಲಿ ನಾವು ಹೇಳೋದು "ಎದುರಿಗಿರೋರ ಮನಸ್ಸು ತಿಳ್ಕೊಳೋದು". ಎಲ್ಲರಿಗೂ ಅರ್ಥ ಆಗುತ್ತೆ.

ವ್ಯಾಕರಣ_ಮೇಷ್ಟ್ರು
ಸೋಮವಾರ, ಸಂಜೆ 5:10

ಪದದ ವಿಷಯ ಬಂತಲ್ಲ, ಒಂದು ಆಸೆ ಹೇಳ್ಕೊತೀನಿ. ನಮ್ಮ ಭಾಷೇಲಿ "ಅವಳು ಬಂದಳು" ಬೇರೆ, "ಅವಳು ಬಂದಳಂತೆ" ಬೇರೆ. ಆ "ಅಂತೆ" ಸೇರಿಸಿದ ತಕ್ಷಣ, ಇದು ನಾನು ಕಂಡದ್ದಲ್ಲ, ಯಾರದೋ ಬಾಯಿಂದ ಕೇಳಿದ್ದು ಅಂತ ಆಯ್ತು. ಅಂದ್ರೆ ಕೇಳೋರ ತಲೇಲಿ ಇನ್ನೊಬ್ಬ ಮನುಷ್ಯ ಬಂದು ನಿಂತ. ಎರಡಕ್ಷರದಲ್ಲಿ! ಸ್ಕ್ಯಾನರಿನಲ್ಲಿ ಮಲಗಿರೋರಿಗೆ ಈ ಎರಡು ವಾಕ್ಯ ಕೇಳಿಸಿದರೆ ಆ ಕಿವಿ ಹಿಂದಿನ ಜಾಗ ವ್ಯತ್ಯಾಸ ತೋರಿಸುತ್ತಾ? ಇಂಥ ಪ್ರಶ್ನೆ ಕನ್ನಡ ಬಲ್ಲವರು ಕೇಳದೆ ಇನ್ಯಾರು ಕೇಳಬೇಕು?

ಅಂಕಿಅಂಶ
ಸೋಮವಾರ, ಸಂಜೆ 5:31

ಮೇಷ್ಟ್ರೇ, ತುಂಬಾ ಒಳ್ಳೆ ಪ್ರಶ್ನೆ. ಬರೀ "ಅಂತೆ" ಸೇರಿದ್ರೆ ವಾಕ್ಯವೇ ಉದ್ದ ಆಗುತ್ತೆ, ಅದಕ್ಕೆ ಸಮನಾಗಿ "ಬಂದಳಲ್ಲ" ಥರದ ಇನ್ನೊಂದು ರೂಪ ಬೇಕು. ರಕ್ತದ ಹರಿವಿನ ಸಿಗ್ನಲ್ ಏರೋಕೇ ಐದಾರು ಸೆಕೆಂಡು, ವಾಕ್ಯಗಳ ನಡುವೆ ಅಂತರ ಕೊಡಬೇಕು. ಆದರೆ ಮಾಡಬಹುದು, ಖಂಡಿತ ಮಾಡಬಹುದು.

ತುಮಕೂರು_ಪ್ಯಾಸೆಂಜರ್
ಸೋಮವಾರ, ರಾತ್ರಿ 9:15

ಎಲ್ಲರಿಗೂ ಧನ್ಯವಾದ. ಮದುವೆ ಮನೆ ಕಥೆ ಅಮ್ಮನಿಗೆ ಫೋನಲ್ಲಿ ಓದಿ ಹೇಳಿದೆ. ಅಮ್ಮನೂ ಅಜ್ಜಿ ಕಡೆ! ಒಂದು ಅನುಮಾನ. ಇಇಜಿ ಮಾತ್ರ ಗೊತ್ತಿರೋಳನ್ನ ಎಫ್‌ಎಂಆರ್‌ಐಗೆ ತಗೊಳ್ತಾರಾ? ಮೊದಲ ಆರು ತಿಂಗಳು ಬರೀ ಕಲಿಯೋದರಲ್ಲೇ ಹೋದರೆ?

ದೂರದ_ಕನ್ನಡಿಗ
ಸೋಮವಾರ, ರಾತ್ರಿ 10:30

ಈಗಲೇ ಶುರು ಮಾಡಿ, ಯಾರ ಅಪ್ಪಣೆಯೂ ಬೇಡ. ಓಪನ್‌ನ್ಯೂರೋ ಅನ್ನೋ ವೆಬ್‌ಸೈಟಿನಲ್ಲಿ ಮಿದುಳಿನ ಸ್ಕ್ಯಾನ್ ಡೇಟಾ ಉಚಿತ. ಹ್ಯೂಮನ್ ಕನೆಕ್ಟೋಮ್ ಪ್ರಾಜೆಕ್ಟ್ ಅನ್ನೋ ಇನ್ನೊಂದು ಡೇಟಾ ಸಂಗ್ರಹದಲ್ಲಿ ಸೋಷಿಯಲ್ ಟಾಸ್ಕ್ ಇದೆ: ತ್ರಿಕೋನದಂಥ ಆಕಾರಗಳು ಒಂದಕ್ಕೊಂದು ಛೇಡಿಸ್ತಾ, ಸಮಾಧಾನ ಮಾಡ್ತಾ ಓಡಾಡೋ ಸಣ್ಣ ವಿಡಿಯೋಗಳು, ಮತ್ತೆ ಸುಮ್ಮನೆ ಅಡ್ಡಾದಿಡ್ಡಿ ಚಲಿಸೋ ವಿಡಿಯೋಗಳು. ಆಟಿಸಂ ಮೇಲೆ ಆಸಕ್ತಿ ಇದ್ದರೆ ಅಬೈಡ್ ಡೇಟಾ ಇದೆ. ಹತ್ತು ಜನರ ಡೇಟಾ ಇಳಿಸ್ಕೊಂಡು, ಎಫ್‌ಎಂಆರ್‌ಐ-ಪ್ರೆಪ್ ಅನ್ನೋ ಸಾಫ್ಟ್‌ವೇರಿನಲ್ಲಿ ಓಡಿಸಿ, ಬಂದ ವರದಿಯನ್ನ ಒಬ್ಬೊಬ್ಬರದೂ ಕಣ್ಣಾರೆ ನೋಡಿ. ತಲೆ ಎಷ್ಟು ಅಲ್ಲಾಡಿದೆ, ಮಿದುಳಿನ ಅಂಚು ಸರಿಯಾಗಿ ಕೂತಿದೆಯಾ ಅಂತ. ಎರಡು ತಿಂಗಳಲ್ಲಿ ಕೈ ಕುದುರುತ್ತೆ. ಇಇಜಿ ಗೊತ್ತಿರೋದು ಕೊರತೆ ಅಲ್ಲ ಮೇಡಂ, ಎರಡೂ ಬಲ್ಲವರು ಕಡಿಮೆ.

ಅಣ್ಣ_ಜಯನಗರ
ಸೋಮವಾರ, ರಾತ್ರಿ 11:50

ನಾನು ಸಂಶೋಧಕ ಅಲ್ಲ. ನನ್ನ ತಮ್ಮನಿಗೆ ಹನ್ನೊಂದು ವರ್ಷದಿಂದ ಸ್ಕಿಜೋಫ್ರೀನಿಯಾ. ಮಾತ್ರೆಯಿಂದ ಕಿವಿಯಲ್ಲಿ ಕೇಳೋ ದನಿ ನಿಂತಿದೆ. ಆದರೆ ನಾನು ಆಫೀಸಿಂದ ಸುಸ್ತಾಗಿ ಬಂದು ಸುಮ್ಮನೆ ಕೂತರೆ, ಅಣ್ಣನಿಗೆ ನನ್ನ ಮೇಲೆ ಕೋಪ ಅಂದ್ಕೊಂಡು ರೂಮಿಗೆ ಹೋಗಿ ಬಾಗಿಲು ಹಾಕ್ಕೋತಾನೆ. ಕೆಲಸ ಎರಡು ಸಲ ಬಿಟ್ಟಿದ್ದೂ ಇದೇ ಕಾರಣಕ್ಕೆ: ಸೂಪರ್‌ವೈಸರ್ ನಕ್ಕರೆ ತನ್ನನ್ನೇ ನೋಡಿ ನಕ್ಕರು ಅಂತ. ಈಗ ಮನೆಗೆ ಬಂದ ತಕ್ಷಣ "ಸುಸ್ತಾಗಿದೆ ಕಣೋ, ಕೋಪ ಇಲ್ಲ" ಅಂತ ಬಾಯಿಬಿಟ್ಟು ಹೇಳ್ತೀನಿ.

ನೀವು ಎಲ್ಲಿಗೆ ಹೋಗಬೇಕು ಅಂತ ಹೇಳೋಕೆ ನನಗೆ ಬರಲ್ಲ. ಇದು ಯಾಕೆ ಹೀಗಾಗುತ್ತೆ ಅಂತ ಯಾರಾದ್ರೂ ನೋಡ್ತಾ ಇದಾರೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಸ್ಕ್ಯಾನ್‌ಗೆ ಜನ ಬೇಕಾದ್ರೆ ಅವನನ್ನ ಕೇಳಿ ನೋಡ್ತೀನಿ.

ಹೊಸೂರು_ರಸ್ತೆ_ಅಕ್ಕ
ಮಂಗಳವಾರ, ಬೆಳಗ್ಗೆ 7:40

ಸರ್, ಬಹಳ ಜನ ನೋಡ್ತಾ ಇದಾರೆ. ಈ ಕಾಯಿಲೆ ಇರೋರು ಕೆಲಸದಲ್ಲಿ, ಗೆಳೆತನದಲ್ಲಿ ನಿಲ್ಲೋದಕ್ಕೂ ಈ ಮನಸ್ಸು ಓದೋ ಶಕ್ತಿಗೂ ಗಟ್ಟಿ ನಂಟು ಇದೆ ಅಂತ ಎಷ್ಟೋ ಅಧ್ಯಯನಗಳಲ್ಲಿ ಬಂದಿದೆ. ಇದಕ್ಕೇ ಮಾಡೋ ತರಬೇತಿಗಳೂ ಇವೆ. ಮುಂದಿನ ಸಲ ತಪಾಸಣೆಗೆ ಹೋದಾಗ ನೀವು ಇಲ್ಲಿ ಬರೆದ ಈ ಎರಡು ಉದಾಹರಣೆಯನ್ನ ಹಾಗೇ ಡಾಕ್ಟರಿಗೆ ಹೇಳಿ.

ತುಮಕೂರು_ಪ್ಯಾಸೆಂಜರ್
ಗುರುವಾರ, ರಾತ್ರಿ 8:55

ಎರಡೂ ಕಡೆ ಮೇಲ್ ಹಾಕಿದ್ದೆ, ವಾರಕ್ಕೆ ಎಷ್ಟು ಗಂಟೆ ಅಂತ. ಯುರೋಪಿನವರು ಆರು ಗಂಟೆ ಅಂದ್ರು, ಆದರೆ ಪ್ರಶ್ನೆ ಬದಲಾಯಿಸೋ ಹಾಗಿಲ್ಲ ಅಂತಾನೂ ಹೇಳಿದ್ರು. ಇಲ್ಲಿಯವರು ಮೂರು ಗಂಟೆ ಬರೆದುಕೊಟ್ರು. ಪ್ರಾಜೆಕ್ಟ್ ಕೆಲಸದ ಜೊತೆ "ಅಂತೆ"ಯ ಸಣ್ಣ ಅಧ್ಯಯನ ಮಾಡಬಹುದಾ ಅಂತ ಎರಡು ಪ್ಯಾರಾ ಬರೆದು ಕೇಳಿದ್ದೆ. "ಎಥಿಕ್ಸ್ ಕಮಿಟಿಗೆ ಅರ್ಜಿ ತಯಾರು ಮಾಡಿಕೊಂಡೇ ಬನ್ನಿ" ಅಂತ ಉತ್ತರ ಬಂತು. ಬಾಡಿಗೆದಾರ ಅಣ್ಣ ಹೇಳಿದ ಹಾಗೆ ಅಲ್ಲಿನ ಇಬ್ಬರ ಜೊತೆ ಕಾಫಿಯೂ ಆಯ್ತು. ಫೆಲೋಶಿಪ್ ಒಂದು ತಿಂಗಳು ತಡ ಆಗಿದ್ದುಂಟು, ಅದಕ್ಕಿಂತ ಹೆಚ್ಚಿಲ್ಲವಂತೆ.

ಇಲ್ಲೇ ಸೇರ್ತಾ ಇದೀನಿ. ಮುಂದೆ ಮೇರಿ ಕ್ಯೂರಿಗೆ ಹಾಕೋದಾದ್ರೆ ನನ್ನದೇ ಪ್ರಶ್ನೆ ಇಟ್ಕೊಂಡು ಹಾಕ್ತೀನಿ. ಗೈಡ್‌ಗೆ ಬೇಜಾರಾಗಿದೆ, ಅವರ ಮನೆಗೇ ಹೋಗಿ ಮಾತಾಡ್ಬೇಕು.

ಮೇಷ್ಟ್ರೇ, ವಾಕ್ಯಗಳ ಪಟ್ಟಿ ಮಾಡೋಕೆ ನಿಮ್ಮ ಸಹಾಯ ಬೇಕು. ಅರವತ್ತು ಜೋಡಿ ಆದ್ರೂ ಬೇಕಾಗುತ್ತೆ.

ವ್ಯಾಕರಣ_ಮೇಷ್ಟ್ರು
ಗುರುವಾರ, ರಾತ್ರಿ 9:20

ಶನಿವಾರ ಬೆಳಗ್ಗೆ ಹತ್ತಕ್ಕೆ ಬನ್ನಿ ತಾಯಿ. ತುಮಕೂರು, ಕೋಲಾರ, ಧಾರವಾಡ ಮೂರೂ ಕಡೆಯ ಮಾತು ಹೊಂದಬೇಕು, ಒಬ್ಬನೇ ಕೂತು ಬರೆದ್ರೆ ಆಗಲ್ಲ.

ಧಾರವಾಡದಾಂವ
ಗುರುವಾರ, ರಾತ್ರಿ 9:26

ನಮ್ಮ ಕಡೆ "ಬಂದಾಳಂತ" ಅಂತೀವ್ರಿ. ನಾನೂ ಬರ್ತೀನಿ, ಅಡ್ರೆಸ್ ಕಳಸ್ರಿ.